ಕ್ಯೂ ನಿಂತವರ ಓಟು

2015ರ ಅಕ್ಟೋಬರ್ 19, ಸೋಮವಾರ. ಕೆನಡಾದ ಸಂಸತ್ ಚುನಾವಣೆಯ ದಿನ. ಟೊರೊಂಟೊ ಪಕ್ಕದ ಮಿಸಿಸಾಗಾದಲ್ಲಿ ಆಗಲೇ ಸ್ವೆಟರ್ ಬೇಕೆನಿಸುವ ಚಳಿ. ಮನೆಯಲ್ಲಿ ನವರಾತ್ರಿ. ಅಮ್ಮ ಮೈಸೂರಿನಿಂದ ಹಳೇ ಟವೆಲ್‌ಗಳಲ್ಲಿ ಸುತ್ತಿ ತಂದಿದ್ದ ಪಟ್ಟದ ಗೊಂಬೆಗಳು ನಮ್ಮ ಪುಸ್ತಕದ ಸ್ಟ್ಯಾಂಡಿನ ಮೇಲೆ ಕೂತಿದ್ದವು. ಅವು ಬಂದ ದೊಡ್ಡ ಕೆಂಪು ಸೂಟ್‌ಕೇಸು ಮೂಲೆಯಲ್ಲಿ ಜಾಗ ಹಿಡಿದಿತ್ತು. ನಾನು ಆಫೀಸಿನಿಂದ ಬಂದವಳು ಕೋಟು ಕೂಡ ತೆಗೆಯದೆ ಡ್ರೈವಿಂಗ್ ಲೈಸೆನ್ಸು, ವೋಟರ್ ಕಾರ್ಡು ಹುಡುಕುತ್ತಿದ್ದೆ.

"ಯಾರಿಗೆ ಹಾಕ್ತೀಯೇ?" ಅಂದರು ಅಮ್ಮ, ಕಡಲೆಕಾಳು ಉಸಲಿಗೆ ತೆಂಗಿನತುರಿ ಉದುರಿಸುತ್ತಾ.

"ಅವರಿಗಂತೂ ಅಲ್ಲ."

"ಹೋದ ಸಲ ಅವರಿಗೇ ಹಾಕಿದ್ದೆಯಲ್ಲ?"

ಅಮ್ಮನಿಗೆ ಬಿಪಿ ಮಾತ್ರೆ ತೆಗೆದುಕೊಂಡದ್ದು ಮರೆಯುತ್ತದೆ, ಇಂಥದ್ದು ಮರೆಯುವುದಿಲ್ಲ. ಹೌದು, 2011ರ ಮೇ 2ರಂದು ನಾನು ಆಗಿನ ಪ್ರಧಾನಿ ಸ್ಟೀಫನ್ ಹಾರ್ಪರ್ ಅವರ ಕನ್ಸರ್ವೇಟಿವ್ ಪಕ್ಷಕ್ಕೇ ಓಟು ಹಾಕಿದ್ದೆ. ಈ ದೇಶದಲ್ಲಿ ಅದು ನನ್ನ ಮೊದಲ ಓಟು. ಆ ಸಲ ಮಿಸಿಸಾಗಾದ ಎಲ್ಲ ಸೀಟುಗಳನ್ನೂ ಅವರೇ ಗೆದ್ದರು. ಒಟ್ಟು 166 ಸೀಟು, ಮೊದಲ ಸಲ ಪೂರ್ಣ ಬಹುಮತ. ನಮ್ಮಂಥವರು, ಅಂದರೆ ಟೊರೊಂಟೊ ಸುತ್ತಲಿನ ವಲಸಿಗರು, ಕೈಹಿಡಿಯದಿದ್ದರೆ ಆ ಬಹುಮತ ಕಷ್ಟವಿತ್ತು.

ನನಗೆ ನನ್ನದೇ ಕಾರಣಗಳಿದ್ದವು. 2006ರಲ್ಲಿ ಅವರು ಅಧಿಕಾರಕ್ಕೆ ಬಂದ ಮೊದಲ ಬಜೆಟ್‌ನಲ್ಲೇ ಲ್ಯಾಂಡಿಂಗ್ ಫೀಸನ್ನು, ಅಂದರೆ ಕಾಯಂ ನೆಲೆಸಲು ಬರುವವರು ತಲಾ ಕಟ್ಟುವ ಶುಲ್ಕವನ್ನು, 975 ಡಾಲರ್‌ನಿಂದ 490ಕ್ಕೆ ಇಳಿಸಿದರು. ನಮ್ಮ ವೀಸಾ ಬಂದದ್ದು ಅದಾದ ಮೇಲೆ. ನಮ್ಮಿಬ್ಬರಿಗೂ ಸೇರಿ 970 ಡಾಲರ್ ಉಳಿಯಿತು. ಬೇಸ್‌ಮೆಂಟಿನ ಮೊದಲ ತಿಂಗಳ ಬಾಡಿಗೆ ಅದರಲ್ಲೇ ಕಟ್ಟಿದೆವು. ಜಿಎಸ್‌ಟಿ ಏಳರಿಂದ ಆರು, ಆರರಿಂದ ಐದು ಮಾಡುತ್ತೇವೆ ಅಂದಿದ್ದರು, ಮಾಡಿದರು. ಅವರ ವಲಸೆ ಮಂತ್ರಿ ಜೇಸನ್ ಕೆನಿ ದೇವಸ್ಥಾನ, ಗುರುದ್ವಾರ, ಸಂಘದ ಊಟ, ಎಲ್ಲಿ ಕರೆದರೂ ಹೋಗುತ್ತಿದ್ದರು. ಕಷ್ಟಪಟ್ಟು ದುಡಿಯುವ, ಕುಟುಂಬಕ್ಕೆ ಬೆಲೆ ಕೊಡುವ ನಿಮ್ಮಂಥವರೇ ನಮ್ಮ ಸಹಜ ಮತದಾರರು ಅನ್ನುವ ಧಾಟಿ. ಕೇಳೋಕೆ ಹಿತವಾಗಿತ್ತು, ಯಾಕೆ ಸುಳ್ಳು ಹೇಳಲಿ.

ಎಚ್ಚರಿಸಿದವರು ಇರಲಿಲ್ಲ ಅಂತಲ್ಲ. ನಮ್ಮ ಬೇಸ್‌ಮೆಂಟ್ ಮನೆಯ ಓನರ್ ತಾತ ಇದ್ದರು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ಜೀವನಪೂರ್ತಿ ಕನ್ಸರ್ವೇಟಿವ್. ನಾವು ಬಂದ ವರ್ಷದ ಹ್ಯಾಲೋವೀನ್ ರಾತ್ರಿ, ಅಂದರೆ 2006ರ ಅಕ್ಟೋಬರ್ 31, ನನಗೆ ಇವತ್ತಿಗೂ ನೆನಪಿದೆ. ಬಾಗಿಲಿಗೆ ದೆವ್ವದ ವೇಷದ ಮಕ್ಕಳು ಬರುತ್ತಲೇ ಇದ್ದರು. ತಾತ ಚಾಕೊಲೇಟ್ ಬುಟ್ಟಿ ನನ್ನ ಕೈಗೆ ಕೊಟ್ಟು ಟಿವಿ ಮುಂದೆ ಕೂತುಬಿಟ್ಟರು. ಹಣಕಾಸು ಮಂತ್ರಿ ಜಿಮ್ ಫ್ಲಾಹರ್ಟಿ ಇನ್‌ಕಮ್ ಟ್ರಸ್ಟ್‌ಗಳ ಮೇಲೆ ತೆರಿಗೆ ಹಾಕುವುದಾಗಿ ಹೇಳಿದ್ದರು.

ಆಗ ಅದೇನು ಅಂತಲೇ ನನಗೆ ಗೊತ್ತಿರಲಿಲ್ಲ. ಆಮೇಲೆ ತಾತನೇ ಹೇಳಿಕೊಟ್ಟರು. ಕಂಪನಿ ತಾನು ತೆರಿಗೆ ಕಟ್ಟುವ ಬದಲು ಲಾಭದ ಬಹುಪಾಲನ್ನು ನೇರ ಹೂಡಿಕೆದಾರರಿಗೆ ಹಂಚುತ್ತದೆ. ತಿಂಗಳು ತಿಂಗಳು ಕೈಗೆ ದುಡ್ಡು ಬರುತ್ತದೆ ಅಂತ ನಿವೃತ್ತರು ತಮ್ಮ ಉಳಿತಾಯವನ್ನು ಅದರಲ್ಲಿ ಇಟ್ಟಿದ್ದರು. ಅದರ ಮೇಲೆ ಹೊಸ ತೆರಿಗೆ ಹಾಕುವುದಿಲ್ಲ ಅಂತ ಕನ್ಸರ್ವೇಟಿವ್ ಪಕ್ಷ ಪ್ರಣಾಳಿಕೆಯಲ್ಲೇ ಬರೆದುಕೊಟ್ಟಿತ್ತು. ಆ ಮಾತಿಗೆ ಹತ್ತು ತಿಂಗಳೂ ಆಗಿರಲಿಲ್ಲ. ಮರುದಿನ ಬೆಳಿಗ್ಗೆ ಟ್ರಸ್ಟ್‌ಗಳ ಬೆಲೆ ಬಿದ್ದುಹೋಯಿತು.

ದೊಡ್ಡ ದೊಡ್ಡ ಕಂಪನಿಗಳೆಲ್ಲ ಟ್ರಸ್ಟ್ ಆಗಲು ಹೊರಟಿದ್ದವು, ಖಜಾನೆಗೆ ತೂತು ಬೀಳುತ್ತಿತ್ತು. ಹಾಗಾಗಿ ಆ ತೆರಿಗೆ ಸರಿಯೇ ಇತ್ತೇನೋ. ತಾತನೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ. "ಹಾಗಾದರೆ ಮಾತು ಯಾಕೆ ಕೊಟ್ಟರು?" ಅನ್ನುವುದೊಂದೇ ಅವರ ಪ್ರಶ್ನೆ.

ಅವತ್ತಿನಿಂದ ತಾತ ಲೆಕ್ಕ ಇಡಲು ಶುರುಮಾಡಿದರು. ಚುನಾಯಿತರಲ್ಲದವರನ್ನು ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ನೇಮಿಸುವುದಿಲ್ಲ ಅಂದಿದ್ದ ಹಾರ್ಪರ್ ಕೊನೆಗೆ 59 ಸೆನೆಟರ್‌ಗಳನ್ನು ನೇಮಿಸಿದರು. ಚುನಾವಣೆಗೆ ನಿಗದಿತ ದಿನ ಇರಲಿ ಅಂತ 2007ರಲ್ಲಿ ತಾವೇ ಕಾನೂನು ತಂದರು. ಅದರ ಪ್ರಕಾರ 2009ರಲ್ಲಿ ನಡೆಯಬೇಕಿದ್ದ ಚುನಾವಣೆಯನ್ನು 2008ರಲ್ಲೇ ಕರೆದರು. ಗಡಿಯಾರ ಗೋಡೆಗೆ ಹೊಡೆದವರೂ ಅವರೇ, ಮುಳ್ಳು ತಿರುಗಿಸಿದವರೂ ಅವರೇ ಅಂತ ತಾತ ನಗುತ್ತಿದ್ದರು. ಹೊಣೆಗಾರಿಕೆ ತರುತ್ತೇವೆ ಅಂತ ಬಂದ ಸರ್ಕಾರ 2011ರ ಮಾರ್ಚ್‌ನಲ್ಲಿ ಸಂಸತ್ತಿಗೆ ಲೆಕ್ಕಪತ್ರ ಕೊಡದೆ ನಿಂದನೆಯ ಆರೋಪ ಹೊತ್ತು ಬಿದ್ದೂ ಹೋಯಿತು. ಕೆನಡಾದಲ್ಲಿ ಅದಕ್ಕೆ ಮೊದಲು ಯಾವ ಸರ್ಕಾರಕ್ಕೂ ಹಾಗಾಗಿರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಎರಡು ತಿಂಗಳೊಳಗೇ ನಾನು ಅವರಿಗೇ ಓಟು ಹಾಕಿದೆ. ಅದು ಬೇರೆಯವರ ನಷ್ಟ ಅಲ್ವಾ!

ನನ್ನ ಬಾಗಿಲಿಗೆ ಬಂದದ್ದು ಆರು ತಿಂಗಳು ಕಳೆದ ಮೇಲೆ. ಅಮ್ಮನನ್ನು ಇಲ್ಲಿಗೇ ಕರೆಸಿಕೊಳ್ಳಲು ಸ್ಪಾನ್ಸರ್‌ಶಿಪ್ ಅರ್ಜಿ ತುಂಬಿ ಊಟದ ಮೇಜಿನ ಮೇಲೆ ಇಟ್ಟಿದ್ದೆ. ಒಂದು ಫೋಟೊ ಬಾಕಿ ಇತ್ತು. 2011ರ ನವೆಂಬರ್ 5ರಿಂದ ಅಪ್ಪ-ಅಮ್ಮ, ಅಜ್ಜ-ಅಜ್ಜಿಯರ ಹೊಸ ಅರ್ಜಿ ತೆಗೆದುಕೊಳ್ಳುವುದಿಲ್ಲ ಅಂತ ಆದೇಶ ಬಂತು. ಬದಲಿಗೆ ಸೂಪರ್ ವೀಸಾ. ಹತ್ತು ವರ್ಷದ ವೀಸಾ, ಆಗ ಒಂದು ಸಲಕ್ಕೆ ಎರಡು ವರ್ಷದವರೆಗೆ ಇರಬಹುದಿತ್ತು. ಆದರೆ ಕನಿಷ್ಠ ಒಂದು ಲಕ್ಷ ಡಾಲರ್‌ನ ಖಾಸಗಿ ಆರೋಗ್ಯ ವಿಮೆ ನಾವೇ ಮಾಡಿಸಬೇಕು. 2014ರ ಜನವರಿಯಲ್ಲಿ ಬಾಗಿಲು ಮತ್ತೆ ತೆರೆಯಿತು, ವರ್ಷಕ್ಕೆ ಬರೀ 5,000 ಅರ್ಜಿಗೆ. ಆದಾಯದ ಮಿತಿ ಶೇಕಡಾ 30 ಏರಿತ್ತು, ಅದನ್ನೂ ಮೂರು ವರ್ಷ ಸತತ ತೋರಿಸಬೇಕಿತ್ತು. ಅದರಲ್ಲಿ ಒಂದು ವರ್ಷ ಇವರ ಕೆಲಸ ಹೋಗಿತ್ತು, ನಾನು ಹೆರಿಗೆ ರಜೆಯಲ್ಲಿದ್ದೆ. ಕುಟುಂಬಕ್ಕೆ ಬೆಲೆ ಕೊಡುವವರ ಲೆಕ್ಕದಲ್ಲಿ ನಾವು ಪಾಸಾಗಲಿಲ್ಲ.

ಸೂಪರ್ ವೀಸಾ ಕೆಟ್ಟದ್ದಲ್ಲ. ಅಮ್ಮನಿಗೂ ಮೈಸೂರು ಬಿಟ್ಟು ಇಲ್ಲೇ ನೆಲೆಸುವ ಆಸೆ ಅಷ್ಟೇನೂ ಇರಲಿಲ್ಲ. ಆದರೆ 2015ರ ಸೆಪ್ಟೆಂಬರ್‌ನಲ್ಲಿ ಅಮ್ಮನಿಗೆ ತಲೆಸುತ್ತು ಬಂದು ಒಂದು ರಾತ್ರಿ ಎಮರ್ಜೆನ್ಸಿಯಲ್ಲಿ ಕಳೆದೆವು. ಬಿಪಿ ಹಳೇ ಕಾಯಿಲೆ, ನಮಗೆ ಸಂಬಂಧವಿಲ್ಲ ಅಂತ ವಿಮೆಯವರು ಕೈ ತೊಳೆದುಕೊಂಡರು. ಬಿಲ್ಲು ಸಾವಿರ ಡಾಲರ್ ಮೀರಿತ್ತು. ರೂಪಾಯಿಯಲ್ಲಿ ಎಷ್ಟಾಯಿತು ಅಂತ ಅಮ್ಮ ಎರಡು ದಿನ ಕೇಳಿದರು. ನಾನು ಹೇಳಲಿಲ್ಲ.

ಅಣ್ಣನದು ಇದಕ್ಕಿಂತ ಕೆಟ್ಟದ್ದು. 2006ರ ಸೆಪ್ಟೆಂಬರ್‌ನಲ್ಲಿ ಸ್ಕಿಲ್ಡ್ ವರ್ಕರ್ ಅಂತ ಅರ್ಜಿ ಹಾಕಿದ್ದ. ಆಗ ಅವನಿಗೆ 34. ಮೈಸೂರಿನ ಒಂದು ಕಾರ್ಖಾನೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರ್. ಫೈಲ್ ನಂಬರ್ ಬಂತು. ವೀಸಾ ಬಂದರೆ ಅಂತ ಪುಣೆಯ ಬಡ್ತಿ ಬಿಟ್ಟ. ವೀಸಾ ಬಂದರೆ ಅಂತ ಸೈಟು ಕೊಳ್ಳಲಿಲ್ಲ. ಸಯ್ಯಾಜಿರಾವ್ ರಸ್ತೆಯಲ್ಲಿ ಎರಡು ದೊಡ್ಡ ಸೂಟ್‌ಕೇಸು ಮಾತ್ರ ಕೊಂಡ.

ತೀರ್ಮಾನವಾಗದ ಅರ್ಜಿಗಳ ರಾಶಿ ಹಾರ್ಪರ್ ಸರ್ಕಾರದವರು ಮಾಡಿದ್ದಲ್ಲ, ಅದು ಹಿಂದೆ ಆಳಿದ ಲಿಬರಲ್ ಪಕ್ಷದವರ ಕಾಲದಿಂದ ಬೆಳೆದು ಬಂದದ್ದು. ಆದರೆ ಇವರು ಮಾಡಿದ್ದೇನು ನೋಡಿ. 2008ರ ಫೆಬ್ರವರಿ 27ರ ನಂತರ ಅರ್ಜಿ ಹಾಕಿದವರಲ್ಲಿ ತಮಗೆ ಬೇಕಾದ ಉದ್ಯೋಗದವರನ್ನು ಮೊದಲು ಕರೆದರು. ಅಣ್ಣನ ಗೆಳೆಯನ ಹೆಂಡತಿ ನರ್ಸ್. ಅವರು 2009ರಲ್ಲಿ ಅರ್ಜಿ ಹಾಕಿ ಒಂದೂವರೆ ವರ್ಷದಲ್ಲಿ ಕ್ಯಾಲ್ಗರಿ ಸೇರಿದರು. ಅಣ್ಣ ಅವರನ್ನು ಬೆಂಗಳೂರು ಏರ್‌ಪೋರ್ಟ್‌ಗೆ ಬಿಟ್ಟುಬಂದ. 2012ರ ಜೂನ್‌ನಲ್ಲಿ ಬಜೆಟ್ ಮಸೂದೆಯೊಳಗೇ ಸೇರಿಸಿ ಒಂದು ಕಾನೂನು ತಂದರು. ಆ ತಾರೀಕಿಗೆ ಮುಂಚೆ ಬಂದು ಇನ್ನೂ ತೀರ್ಮಾನವಾಗದ ಅರ್ಜಿಗಳೆಲ್ಲ ರದ್ದು. ಸುಮಾರು 2,80,000 ಜನ. ಕಟ್ಟಿದ ಶುಲ್ಕ ವಾಪಸ್, ಬಡ್ಡಿ ಇಲ್ಲ. ಕೆಲವರು ಫೆಡರಲ್ ಕೋರ್ಟಿಗೆ ಹೋದರು, 2013ರಲ್ಲಿ ಅಲ್ಲೂ ಸೋತರು. ಹೊಸದಾಗಿ ಅರ್ಜಿ ಹಾಕೋಣ ಅಂದರೆ ಅದೇ ವರ್ಷ ಅಂಕಗಳ ಲೆಕ್ಕ ಬದಲಾಯಿತು. 35 ದಾಟಿದವರಿಗೆ ವರ್ಷಕ್ಕೊಂದು ಅಂಕ ಕಡಿತ. ಅಣ್ಣನಿಗೆ ಆಗ 41. ಕಾಯುತ್ತಾ ಕಳೆದ ವಯಸ್ಸಿಗೇ ದಂಡ.

ಕ್ಯೂ ಮುರಿಯಬೇಡಿ, ಕ್ಯೂನಲ್ಲಿ ಬನ್ನಿ. ಆ ಸರ್ಕಾರ ವಲಸೆಯ ಬಗ್ಗೆ ಬಾಯಿ ತೆರೆದಾಗಲೆಲ್ಲ ಹೇಳುತ್ತಿದ್ದದ್ದು ಇದೇ. ಅಣ್ಣ ಕ್ಯೂನಲ್ಲೇ ನಿಂತಿದ್ದ. ಆರು ವರ್ಷ ನಿಂತ ಮೇಲೆ ಕೌಂಟರೇ ಮುಚ್ಚಿತು.

2015ರ ಚುನಾವಣೆಯ ಹೊತ್ತಿಗೆ ಇನ್ನೆರಡು ನಡೆದವು. ಜುಲೈನಲ್ಲಿ ಮಗಳ ಹೆಸರಿಗೆ ಬರುವ ಮಕ್ಕಳ ಭತ್ಯೆ ಒಮ್ಮೆಲೇ 520 ಡಾಲರ್ ಬಂತು. ಜನವರಿಯಿಂದ ಹೆಚ್ಚಿಸಿದ್ದನ್ನು ಚುನಾವಣೆಗೆ ಮೂರು ತಿಂಗಳಿರುವಾಗ ಒಟ್ಟಿಗೆ ಕೊಟ್ಟಿದ್ದರು. "ಇಲ್ಲಿ ಸೀರೆ, ಕುಕ್ಕರ್ ಕೊಡಲ್ವಾ?" ಅಂತ ಫೋನಿನಲ್ಲಿ ಅಣ್ಣ ನಕ್ಕ. ಇನ್ನೊಂದು ಅಕ್ಟೋಬರ್ ಆರಂಭದ್ದು. 'ಅನಾಗರಿಕ ಸಾಂಸ್ಕೃತಿಕ ಪದ್ಧತಿಗಳ' ಬಗ್ಗೆ ದೂರು ಕೊಡಲು ಒಂದು ಫೋನ್ ಲೈನ್ ಮಾಡುತ್ತೇವೆ ಅಂತ ಅವರ ಇಬ್ಬರು ನಾಯಕರು ಘೋಷಿಸಿದರು. ಬಲವಂತದ ಮದುವೆಯಂಥದ್ದು ತಡೆಯಲು ಅಂದರು. ಅಮ್ಮನಿಗೆ ಅನುವಾದಿಸಿ ಹೇಳಿದೆ.

"ಪಾಪುಗೆ ಕಿವಿ ಚುಚ್ಚಿಸಿದ್ದು ಹೇಳಿಬಿಡ್ತಾರೇನೇ ಯಾರಾದ್ರೂ?"

ನಗು ಬಂತು. ಆದರೆ ಪಕ್ಕದ ಮನೆಯವರು ನಮ್ಮ ಬಾಗಿಲಿನ ತೋರಣ ನೋಡಿ ಏನಂದುಕೊಳ್ಳುತ್ತಾರೋ ಅಂತ ಒಂಬತ್ತು ವರ್ಷದಲ್ಲಿ ಮೊದಲ ಸಲ ಯೋಚಿಸಿದೆ. ದೇವಸ್ಥಾನದಲ್ಲಿ ಶಾಲು ಹೊದಿಸಿಕೊಂಡಿದ್ದು ಇದೇ ಪಕ್ಷ ಅಲ್ವಾ?

ಸಂಜೆ ಆರೂವರೆಗೆ ತಾತನನ್ನು ಕರೆದುಕೊಂಡು ಹೊರಟೆ. ನಾವು ಮನೆ ಕೊಂಡದ್ದು ಅವರಿಂದ ಎರಡು ಬೀದಿ ಆಚೆ, ಹಾಗಾಗಿ ಮತಗಟ್ಟೆ ಒಂದೇ. ಶಾಲೆಯ ಜಿಮ್ಮಿನಿಂದ ಹೊರಗೆ ಪಾರ್ಕಿಂಗ್ ಲಾಟ್‌ವರೆಗೂ ಕ್ಯೂ. ತಾತನಿಗೆ 82 ವರ್ಷ, ವಾಕರ್ ಹಿಡಿದಿದ್ದರು. ಅಧಿಕಾರಿಯೊಬ್ಬಳು ಬಂದು ಮುಂದೆ ಹೋಗಿ ಅಂದಳು. ತಾತ ಒಪ್ಪಲಿಲ್ಲ. ಎಂಟು ಗಂಟೆಗೆ ಬ್ಲೂ ಜೇಸ್ ಬೇಸ್‌ಬಾಲ್ ಪಂದ್ಯ ಇದೆ, ಅಷ್ಟರೊಳಗೆ ಮನೆ ಸೇರಬೇಕು ಅಂತ ಗೊಣಗುತ್ತಲೇ ಸರದಿಯಲ್ಲೇ ಬಂದರು.

ಇಲ್ಲಿ ಮತಯಂತ್ರ ಇಲ್ಲ, ಬೆರಳಿಗೆ ಶಾಯಿಯೂ ಇಲ್ಲ. ಒಂದು ಮೋಟು ಪೆನ್ಸಿಲ್, ರಟ್ಟಿನ ಮರೆ. ಹೆಸರಿನ ಮುಂದಿನ ವೃತ್ತದಲ್ಲಿ ಒಂದು ಅಡ್ಡಗೀಟು. ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ಅಳಿಸಿಬಿಟ್ಟರೆ ಅಂತ 2011ರಲ್ಲಿ ಹೆದರಿದ್ದೆ. ಈ ಸಲ ಗಟ್ಟಿಯಾಗಿ ಒತ್ತಿ ಗೀಟು ಹಾಕಿದೆ.

ತಾತ ಮರೆಯ ಹಿಂದೆ ಬಹಳ ಹೊತ್ತು ನಿಂತಿದ್ದರು. ಯಾರಿಗೆ ಹಾಕಿದಿರಿ ಅಂತ ಕಾರಿನಲ್ಲಿ ಕೇಳಿದೆ. "ಈ ದಿನವನ್ನಾದರೂ ಅವರ ಕಾನೂನಿನ ಪ್ರಕಾರ ನಡೆಸಿದರಲ್ಲ" ಅಂದರು ಅಷ್ಟೇ. ಮಾತು ಬ್ಲೂ ಜೇಸ್ ಕಡೆ ತಿರುಗಿತು.

ರಾತ್ರಿ ಒಂಬತ್ತೂವರೆಗೆ ಒಂಟಾರಿಯೊದ ಮತದಾನ ಮುಗಿಯುತ್ತಲೇ ಗೊತ್ತಾಗಿಹೋಯಿತು. ಲಿಬರಲ್ಲರಿಗೆ 184, ಕನ್ಸರ್ವೇಟಿವ್‌ಗೆ 99. ಮಿಸಿಸಾಗಾದ ಆರಕ್ಕೆ ಆರೂ ಸೀಟು ಹೋದವು. ಬ್ಲೂ ಜೇಸ್ ಆ ರಾತ್ರಿ 11-8ರಲ್ಲಿ ಗೆದ್ದರು. ತಾತ ಫೋನ್ ಮಾಡಿ ಹೇಳಿದ್ದು ಅದೊಂದನ್ನೇ. ಗೆದ್ದ ಲಿಬರಲ್ ನಾಯಕ ಜಸ್ಟಿನ್ ಟ್ರೂಡೊ, ಕ್ಷೇತ್ರದಲ್ಲಿ ಹೆಚ್ಚು ಓಟು ಬಂದವರೇ ಗೆಲ್ಲುವ ಈ ಪದ್ಧತಿಯಲ್ಲಿ ಇದೇ ಕೊನೆಯ ಚುನಾವಣೆ ಅಂತ ಮಾತು ಕೊಟ್ಟಿದ್ದರು, 2017ರ ಫೆಬ್ರವರಿಯಲ್ಲಿ ಅದನ್ನು ಕೈಬಿಟ್ಟರು. ಅಷ್ಟರಲ್ಲಿ ತಾತ ತೀರಿಕೊಂಡಿದ್ದರು. ಆ ಲೆಕ್ಕ ಇಡುವವರು ಯಾರೂ ನಮ್ಮ ಬೀದಿಯಲ್ಲಿರಲಿಲ್ಲ.

ಚುನಾವಣೆಯ ಆ ರಾತ್ರಿ ನಮಗೆ ಹತ್ತು ಗಂಟೆಯಾದಾಗ ಮೈಸೂರಿನಲ್ಲಿ ಬೆಳಿಗ್ಗೆ ಏಳೂವರೆ. ಅಣ್ಣ ಕಾಫಿ ಹಿಡಿದು ವಿಡಿಯೊ ಕಾಲ್ ಮಾಡಿದ.

"ಏನಾಯ್ತೇ?"

"ಹೋದ್ರು."

"ನನ್ನ ಫೈಲು ಮತ್ತೆ ತೆಗೀತಾರಂತಾ?" ಅಂದು ಜೋರಾಗಿ ನಕ್ಕ. ಅಮ್ಮ ನಗಲಿಲ್ಲ.

ವಿಜಯದಶಮಿ ಕಳೆದ ಮೇಲೆ ಅಮ್ಮ ಗೊಂಬೆಗಳನ್ನು ಒಂದೊಂದಾಗಿ ಟವೆಲ್‌ನಲ್ಲಿ ಸುತ್ತಿದರು. ಇಲ್ಲೇ ಇರಲಿ, ಮುಂದಿನ ವರ್ಷ ಬರ್ತೀಯಲ್ಲ ಅಂದೆ. ಮನೆಯ ಗೊಂಬೆ ಮನೆಗೇ ಹೋಗಬೇಕು ಅಂದರು. ಸೂಟ್‌ಕೇಸಿನ ಮುಚ್ಚಳ ಒತ್ತಿ ಹಿಡಿದು ಜಿಪ್ ಎಳೆಯುವಾಗ ಅದರ ಮೇಲಿನ ಮಾರ್ಕರ್ ಬರಹ ಕಂಡಿತು. ಅಣ್ಣನ ಹೆಸರು, ಕೆಳಗೆ ಅವನದೇ ದಪ್ಪ ಅಕ್ಷರದಲ್ಲಿ ಟೊರೊಂಟೊ. ಏರ್‌ಪೋರ್ಟ್‌ನಲ್ಲಿ ಗೊಂದಲ ಆಗದಿರಲಿ ಅಂತ ಅಮ್ಮ ಅದರ ಮೇಲೆ ಒಂದು ಬಿಳಿ ಕಾಗದ ಅಂಟಿಸಿ ಮೈಸೂರಿನ ವಿಳಾಸ ಬರೆಸಿದರು.