ಟ್ರಕ್ ಎಂದರೆ ಲಾರಿಯಲ್ಲ

ಇಂದು ಬೆಳಿಗ್ಗೆ ಓದಿದ ಇಂಗ್ಲಿಷ್ ಸಂಪಾದಕೀಯವೊಂದರಲ್ಲಿ ‘ಹ್ಯಾವ್ ನೋ ಟ್ರಕ್ ವಿತ್’ ಎಂಬ ನುಡಿಗಟ್ಟು ಕಂಡಿತು. ಒಬ್ಬರೊಡನೆ ಯಾವ ವ್ಯವಹಾರವನ್ನೂ ಇಟ್ಟುಕೊಳ್ಳದಿರುವುದು ಎಂಬುದು ಅದರ ಅರ್ಥ. ಈ ಟ್ರಕ್ಕಿಗೂ ಹೆದ್ದಾರಿಯ ಲಾರಿಗೂ ಸಂಬಂಧವಿಲ್ಲ. ಫ್ರೆಂಚ್ ಮೂಲದಿಂದ ಬಂದ ಈ ಪದ ಮೊದಲು ಸರಕಿಗೆ ಸರಕು ಕೊಡುವ ವ್ಯಾಪಾರವನ್ನೂ, ಕ್ರಮೇಣ ಎಲ್ಲ ಬಗೆಯ ಕೊಡುಕೊಳ್ಳುವಿಕೆಯನ್ನೂ ಸೂಚಿಸತೊಡಗಿತು.

ನನ್ನ ಮನಸ್ಸು ನಿಂತದ್ದು ಬ್ರಿಟನ್ನಿನ ಕಾರ್ಮಿಕರ ಬದುಕಿನಲ್ಲಿ ಆ ಪದ ಪಡೆದ ಕಹಿಯ ಬಳಿ. ‘ಟ್ರಕ್ ಪದ್ಧತಿ’ಯಲ್ಲಿ ಗಣಿ ಮತ್ತು ಕಾರ್ಖಾನೆಗಳ ಕೆಲವು ಮಾಲೀಕರು ದುಡಿದವರಿಗೆ ನಾಣ್ಯದ ಬದಲು ಸಾಮಾನನ್ನೋ, ತಮ್ಮದೇ ಅಂಗಡಿಯಲ್ಲಿ ಮಾತ್ರ ನಡೆಯುವ ಚೀಟಿಯನ್ನೋ ಕೊಡುತ್ತಿದ್ದರು. ‘ಟಾಮಿ ಶಾಪ್’ ಎಂದು ಕರೆಯಲಾಗುತ್ತಿದ್ದ ಆ ಅಂಗಡಿಗಳಲ್ಲಿ ಬೆಲೆ ಹೆಚ್ಚು, ಗುಣಮಟ್ಟ ಕಡಿಮೆ ಎಂಬ ದೂರು ಸಾಮಾನ್ಯವಾಗಿತ್ತು. ಸಂಬಳ ಕೊಟ್ಟ ಕೈಯೇ ಅದನ್ನು ಮರಳಿ ಕಿತ್ತುಕೊಳ್ಳುವ ಈ ಏರ್ಪಾಡನ್ನು ಸುಲಿಗೆಯೆಂದಲ್ಲದೆ ಬೇರೆ ಹೆಸರಿನಿಂದ ಕರೆಯಲು ನನಗೆ ಸಾಧ್ಯವಿಲ್ಲ.

1831ರ ಟ್ರಕ್ ಕಾಯಿದೆ ಹಲವು ಉದ್ಯಮಗಳಲ್ಲಿ ಕೂಲಿಯನ್ನು ಚಲಾವಣೆಯ ನಾಣ್ಯದಲ್ಲೇ ಕೊಡಬೇಕೆಂದು ವಿಧಿಸಿತು. ನಮ್ಮ 1936ರ ವೇತನ ಪಾವತಿ ಕಾಯಿದೆಯೂ ನಾಣ್ಯ ಇಲ್ಲವೇ ನೋಟುಗಳಲ್ಲೇ ಸಂಬಳ ಕೊಡಬೇಕೆಂದಿತು. ಆದರೆ ಬ್ರಿಟನ್ನಿನ ಆ ಕಾನೂನು ಮನೆಗೆಲಸದವರನ್ನೂ ಹೊಲದ ಆಳುಗಳನ್ನೂ ಹೊರಗಿಟ್ಟಿತ್ತು ಎಂಬುದು ನನ್ನನ್ನು ಹೆಚ್ಚು ನೋಯಿಸುತ್ತದೆ.