ಜಗಳ ಆಗಲಿಲ್ವೇನೇ?

ದಕ್ಷಿಣ ಅಮೆರಿಕಕ್ಕೆ ಹೋಗಿ ಬಂದೆವು ಅಂದರೆ ಜನ ಮೊದಲು ಖರ್ಚು ಕೇಳುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಚಿಕ್ಕಮ್ಮನಿಂದ ಹಿಡಿದು ಎದುರುಮನೆ ಆಂಟಿಯವರೆಗೆ ಎಲ್ಲರದೂ ಒಂದೇ ಪ್ರಶ್ನೆ: "ಗಂಡ ಹೆಂಡ್ತಿ ಇಬ್ಬರೇ, ಏಳು ವಾರ, ಬ್ಯಾಗು ಹೊತ್ಕೊಂಡು ಬೆಟ್ಟ ಗುಡ್ಡ! ಜಗಳ ಆಗಲಿಲ್ವೇನೇ?"

ಆಯಿತು. ಮೊದಲ ವಾರದಲ್ಲೇ ಆಯಿತು. ಕಾರಣ ಮಾತ್ರ ಇವರು ಊಹಿಸಿದ್ದಲ್ಲ.

ಪೆರುವಿನ ಲಿಮಾ ಸಮುದ್ರದ ದಡದಲ್ಲಿದೆ. ಅಲ್ಲಿಂದ ವಿಮಾನ ಹತ್ತಿ ಒಂದೂವರೆ ಗಂಟೆಯೊಳಗೆ ಕುಸ್ಕೊದಲ್ಲಿ ಇಳಿದೆವು. ಎತ್ತರ 3,400 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅದರ ನೆತ್ತಿಯ ಮೇಲೆ ಚಾಮುಂಡಿ ಬೆಟ್ಟವನ್ನು ತಂದು ಕೂರಿಸಿದರೂ ಕುಸ್ಕೊ ಇನ್ನೂ ಮೇಲೇ ಉಳಿಯುತ್ತದೆ. ನನ್ನ ಗಂಡ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ಓಡುವವನು. ನಾನು ಮೂರನೇ ಮಹಡಿಗೆ ಹತ್ತುವಾಗ ಎರಡನೆಯದರಲ್ಲಿ ನಿಂತು ಬೀಗದ ಕೈ ಹುಡುಕುವ ನಾಟಕ ಆಡುವವಳು. ಸುಸ್ತಾಗುವುದು ನನಗೇ ಅಂತ ಇಬ್ಬರೂ ತೀರ್ಮಾನಿಸಿ, ಭಾರದ ಸಾಮಾನೆಲ್ಲ ಅವನ ಬ್ಯಾಗಿಗೆ ತುಂಬಿದ್ದೆವು.

ಅಲ್ಲಿಯವರು ಇದಕ್ಕೆ 'ಸೊರೊಚೆ' ಅನ್ನುತ್ತಾರೆ, ಎತ್ತರದ ಕಾಯಿಲೆ. ಅದು ಓಡುವವನು ಯಾರು, ಕೂರುವವಳು ಯಾರು ಅಂತ ನೋಡುವುದೇ ಇಲ್ಲ. ಸಾನ್ ಬ್ಲಾಸ್ ಬಡಾವಣೆಯ ಕಲ್ಲು ಮೆಟ್ಟಿಲು ಹತ್ತುವಾಗ ಅವನು ಒಂದು ನೀಲಿ ಬಾಗಿಲ ಮುಂದೆ ನಿಂತು ಫೋಟೊ ತೆಗೆಯತೊಡಗಿದ. ಹನ್ನೊಂದು ಫೋಟೊ. ಬಾಗಿಲು ಅಷ್ಟೇನೂ ಚೆನ್ನಾಗಿರಲಿಲ್ಲ. ತುಟಿ ನೋಡಿದರೆ ನೇರಳೆಹಣ್ಣು ತಿಂದವನ ಹಾಗಿತ್ತು. "ತಲೆ ನೋಯ್ತಿದ್ಯಾ?" ಅಂದೆ. "ಹಸಿವು ಅಷ್ಟೇ" ಅಂದ. ರಾತ್ರಿ ಎರಡು ಸಲ ವಾಂತಿ. ಬಸವಳಿದು ಮಲಗಿದವನು "ಸ್ವಲ್ಪ ಮೊಸರನ್ನ ಸಿಕ್ಕಿದ್ರೆ ಸರಿಹೋಗುತ್ತೆ" ಅನ್ನುತ್ತಿದ್ದ.

ಕೆಳಗೆ ಇಳಿಯೋಣ ಅಂದೆ. ಮೂರು ದಿನಕ್ಕೆ ರೂಮಿನ ದುಡ್ಡು ಕಟ್ಟಿಯಾಗಿದೆ ಅಂದ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅಷ್ಟು ಕೆಟ್ಟದಾಗಿ ನಾವು ಜಗಳ ಆಡಿರಲಿಲ್ಲ. ಅದೂ ಪಿಸುಮಾತಿನಲ್ಲಿ, ಯಾಕೆಂದರೆ ಜೋರಾಗಿ ಬೈಯಲು ಇಬ್ಬರಿಗೂ ಉಸಿರಿಲ್ಲ.

ಬೆಳಿಗ್ಗೆ ಟ್ಯಾಕ್ಸಿ ಹಿಡಿದು ಕೆಳಗಿನ ಕಣಿವೆಯಲ್ಲಿರುವ ಒಯ್ಯಾಂತಾಯ್‌ತಾಂಬೊಗೆ ಇಳಿದೆವು. ಸುಮಾರು 2,800 ಮೀಟರ್. ಸಂಜೆಗೆ ಅವನು ಎರಡು ಬಟ್ಟಲು ಕಿನೋವಾ ಸೂಪು ಕುಡಿದ. ಹೋಗುವವರಿಗೆ ಹೇಳುತ್ತೇನೆ: ಇಂಕಾ ಅರಸರ ಹಳೇ ಊರು ಮಾಚು ಪಿಚು ಕುಸ್ಕೊಗಿಂತ ಸಾವಿರ ಮೀಟರಿನಷ್ಟು ತಗ್ಗಿನಲ್ಲಿದೆ. ವಿಮಾನ ಇಳಿದವರು ನೇರ ಕಣಿವೆಗೆ ಹೋಗಿ, ಅದನ್ನೆಲ್ಲ ಮುಗಿಸಿಕೊಂಡು ಆಮೇಲೆ ಕುಸ್ಕೊಗೆ ಹತ್ತಬಹುದು. ನಾವು ಉಲ್ಟಾ ಮಾಡಿದೆವು.

ಅಲ್ಲೇ ಒಂದು ಕಾಯಿದೆ ಆಯಿತು. ನಿಧಾನ ನಡೆಯುವವರು ಮುಂದೆ, ಉಳಿದವರು ಹಿಂದೆ. ಇಳಿಯೋಣ ಅಂತ ಯಾರು ಅಂದರೂ ವಾದವಿಲ್ಲದೆ ಇಳಿಯುವುದು, ದುಡ್ಡಿನ ಮಾತು ಎತ್ತಬಾರದು.

ಪೆರು, ಬೊಲಿವಿಯಾ ಗಡಿಯ ಟಿಟಿಕಾಕಾ ಸರೋವರ ಇರುವುದೇ 3,800 ಮೀಟರಿನಲ್ಲಿ. ಅದರ ನಡುವಿನ ಇಸ್ಲಾ ದೆಲ್ ಸೋಲ್ ದ್ವೀಪದಲ್ಲಿ ವಾಹನವೇ ಇಲ್ಲ. ದೋಣಿ ಇಳಿದರೆ ಇಂಕಾಗಳ ಕಾಲದ ಮೆಟ್ಟಿಲು, ಪಕ್ಕದಲ್ಲಿ ಮೂಟೆ ಹೊತ್ತ ಕತ್ತೆಗಳು. ನಾನು ಮುಂದೆ, ಅವನು ಹಿಂದೆ, ನಮ್ಮಿಬ್ಬರನ್ನೂ ದಾಟಿ ಕತ್ತೆ. ಅಲ್ಲಿ ಅಡುಗೆಮನೆ ಸಿಕ್ಕಿತಲ್ಲ ಅಂತ ಸರೋವರದ ದಡದ ಊರು ಕೋಪಕಬಾನಾದ ಸಂತೆಯಲ್ಲಿ ಕೊಂಡಿದ್ದ ಬೇಳೆ ಬೇಯಿಸಲು ಇಟ್ಟೆ. ನೀರು ಕುದಿಯುತ್ತಿದೆ, ಬೇಳೆ ಕಲ್ಲಿನ ಹಾಗೇ ಇದೆ. ಆ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ನೀರು 87 ಡಿಗ್ರಿ ಸುಮಾರಿಗೇ ಕುದಿಯುತ್ತದೆ. ಕುದಿಯುತ್ತದೆ ಹೊರತು ಬೇಳೆಯನ್ನು ಬೇಗ ಬೇಯಿಸುವಷ್ಟು ಬಿಸಿಯಾಗುವುದಿಲ್ಲ. ಒಂದೂವರೆ ಗಂಟೆ ಕಳೆದ ಮೇಲೆ ಮನೆಯೊಡತಿ ಒಳಗೆ ಬಂದು, ಪಾತ್ರೆ ನೋಡಿ, ನಕ್ಕು, ಕಪಾಟಿನಿಂದ ಕುಕ್ಕರ್ ತೆಗೆದಳು! ಅದು ನಮ್ಮದರ ಹಾಗೆ ಎಣಿಸಿ ಕೂಗುವುದಿಲ್ಲ, ಒಂದೇ ಸಮನೆ ಬುಸುಗುಟ್ಟುತ್ತದೆ. ಎಷ್ಟು ಹೊತ್ತಿಗೆ ಇಳಿಸಬೇಕು ಅಂತ ಗೊತ್ತಾಗದೆ ಬೇಳೆ ಗಂಜಿಯಾಯಿತು. ಅದಕ್ಕೂ ಸಣ್ಣ ಜಗಳ.

ಬೊಲಿವಿಯಾದ ಲಾ ಪಾಸ್‌ನಲ್ಲಿ ಜಗಳ ಇಲ್ಲ. ಅಲ್ಲಿ ಬೆಟ್ಟ ಹತ್ತುವ ಕೆಲಸ ಕೇಬಲ್ ಕಾರಿನದು.

ಉಯುನಿಯ ಉಪ್ಪಿನ ಬಯಲಿನ ಫೋಟೊಗಳನ್ನು ನೀವೆಲ್ಲ ನೋಡಿದ್ದೀರಿ, ಅದನ್ನು ಬಿಡುತ್ತೇನೆ. ಅಲ್ಲಿಂದ ಜೀಪಿನಲ್ಲಿ ಚಿಲಿ ಗಡಿಗೆ ಹೋಗುವ ದಾರಿಯ ಎರಡನೇ ರಾತ್ರಿ ತಂಗಿದ್ದು 4,300 ಮೀಟರಿನಲ್ಲಿ, ಒಲೆಯಿಲ್ಲದ ಇಟ್ಟಿಗೆ ಮನೆಯಲ್ಲಿ. ಮೈಮೇಲೆ ನಾಲ್ಕು ಕಂಬಳಿ. ಮಧ್ಯರಾತ್ರಿ ಎಚ್ಚರವಾದಾಗ ಪಕ್ಕದಲ್ಲಿ ಉಸಿರಿನ ಸದ್ದೇ ಇಲ್ಲ. ಎಣಿಸಿದೆ: ಒಂದು, ಎರಡು... ಹನ್ನೆರಡು. ಆಮೇಲೆ ನೀರಿನಿಂದ ಮೇಲೆದ್ದವನ ಹಾಗೆ ಒಂದು ದೊಡ್ಡ ಉಸಿರು, ಬೇಗಬೇಗ ನಾಲ್ಕೈದು, ಮತ್ತೆ ಮೌನ. ಇದು ಎತ್ತರದಲ್ಲಿ ಸಾಮಾನ್ಯ ಅಂತ ಓದಿದ್ದೆ. ಆಮ್ಲಜನಕ ಸಾಲದೆ ಉಸಿರು ಜೋರಾಗುತ್ತದೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದು ಇಳಿದಾಗ ನಿದ್ದೆಯಲ್ಲಿರುವ ಮೆದುಳು ಉಸಿರಾಡು ಅಂತ ಹೇಳುವುದನ್ನೇ ಒಂದಷ್ಟು ಹೊತ್ತು ಮರೆಯುತ್ತದೆ. ಓದಿದ್ದರಿಂದ ಏನೂ ಉಪಯೋಗವಾಗಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಡ್ರೈವರ್ ಬಾಗಿಲು ತಟ್ಟುವವರೆಗೂ ಎಣಿಸುತ್ತಲೇ ಇದ್ದೆ. ಗಂಡ ಎದ್ದು, "ಏನ್ ನಿದ್ದೆ ಬಂತು ಗೊತ್ತಾ!" ಅಂದ. ಹೊಡೆಯಬೇಕು ಅನ್ನಿಸಿತು. ಬಿಸಿನೀರಿನ ಬುಗ್ಗೆಗಳ ಹಬೆ ನೋಡುವವರೆಗೂ ಮಾತಾಡಲಿಲ್ಲ.

ಗಡಿ ದಾಟಿದ ಮೇಲೆ ರಸ್ತೆ ಒಂದು ಗಂಟೆಯೊಳಗೆ ಎರಡು ಸಾವಿರ ಮೀಟರ್ ಇಳಿದು ಸಾನ್ ಪೆದ್ರೊ ದೆ ಅಟಕಾಮಾ ಮುಟ್ಟುತ್ತದೆ. ಅರ್ಧ ದಾರಿಯಲ್ಲೇ ನಮಗೆ ಮಾತು ಬಂತು. ಒಂದಾದ ಮೇಲೊಂದು ಕೋಟು ಬಿಚ್ಚುತ್ತಾ, ಬೇಳೆ ಗಂಜಿಯಾದದ್ದು ಯಾರ ತಪ್ಪು ಅಂತ ಪೂರ್ತಿ ಗಂಟಲಿನಲ್ಲಿ ಚರ್ಚಿಸಿದೆವು.

ಈಗ ಆ ಕಾಯಿದೆ ಏನಾಯಿತು ಅಂತ ಚಿಕ್ಕಮ್ಮ ಕೇಳಿದರು. ಹೋದ ಭಾನುವಾರ ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲು ಹತ್ತಿ ಹೋದೆವು. ನಾನು ನಂದಿಯ ಹತ್ತಿರ ಬಂದಾಗ ಅವನು ಆಗಲೇ ಮೇಲೆ ದೇವಸ್ಥಾನಕ್ಕೆ ಹೋಗಿ, ಪ್ರಸಾದ ತಿಂದು, ವಾಪಸ್ಸು ಇಳಿದು ಬರುತ್ತಿದ್ದ.