ಬಾಲ ಎಲ್ಲಿ ಮಾವ?

ಕಳೆದ ಭಾನುವಾರ ಕಾವೂರಿನ ಅಕ್ಕನ ಮನೆಯಲ್ಲಿ ಗೋಳಿಬಜೆ ತಣ್ಣಗಾಯಿತು. ಕಾರಣ ಪೆಂಟಗನ್, 2001ರಲ್ಲಿ ಅಪಹರಣಕಾರರು ವಿಮಾನ ನುಗ್ಗಿಸಿದ ಅಮೆರಿಕದ ರಕ್ಷಣಾ ಇಲಾಖೆಯ ಕಟ್ಟಡ.

ದುಬೈಯಿಂದ ರಜೆಗೆ ಬಂದಿರುವ ಅಳಿಯ (ಅಕ್ಕನ ಮಗ, ನಮ್ಮ ತುಳುನಾಡಿನ ಲೆಕ್ಕದ ಅಳಿಯ) ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದ. "ನೋಡಿ ಮಾವ, ಗೋಡೆಯಲ್ಲಿ ತೂತು ಮಾತ್ರ ಉಂಟು. ಎದುರಿನ ಹುಲ್ಲು ಹಸಿರಾಗಿಯೇ ಉಂಟು. ರೆಕ್ಕೆ ಎಲ್ಲಿ? ಬಾಲ ಎಲ್ಲಿ? ಇದು ವಿಮಾನ ಅಲ್ಲವೇ ಅಲ್ಲ, ಕ್ಷಿಪಣಿ."

ನಾನು ವಾಹನ ವಿಮೆಯ ಸರ್ವೇಯರ್. ತಲಪಾಡಿಯಿಂದ ಶಿರೂರುವರೆಗೆ ಹೈವೇಯಲ್ಲಿ ನುಜ್ಜುಗುಜ್ಜಾದ ಗಾಡಿ ನೋಡಿ ನೋಡಿ ಇಪ್ಪತ್ತೆರಡು ವರ್ಷ ಆಯಿತು. ಅನುಮಾನ ಪಡುವುದೇ ನನ್ನ ಕಸುಬು. ತೆಂಗಿನ ಮರಕ್ಕೆ ಗುದ್ದಿದ್ದು ಅಂತ ಕ್ಲೈಮ್ ಹಾಕಿರುತ್ತಾರೆ, ಬಂಪರಿನಲ್ಲಿ ನೋಡಿದರೆ ಯಾವುದೋ ಬಸ್ಸಿನ ಪೈಂಟ್ ಅಂಟಿರುತ್ತದೆ. ಹಾಗಾಗಿ ಅಳಿಯ ಅನುಮಾನ ಪಟ್ಟ ಅಂತ ನನಗೆ ಸಿಟ್ಟಿಲ್ಲ. ಅನುಮಾನವನ್ನು ಅರ್ಧಕ್ಕೇ ಬಿಟ್ಟನಲ್ಲ, ಅದಕ್ಕೆ ಸಿಟ್ಟು.

ನಮ್ಮಲ್ಲಿ ಯಾರಾದರೂ "ಗುದ್ದಿದ್ದು ಆ ಗಾಡಿ ಅಲ್ಲ" ಅಂದರೆ ಮುಂದಿನ ಪ್ರಶ್ನೆ ಒಂದೇ. ಸರಿ, ಹಾಗಾದರೆ ಆ ಗಾಡಿ ಈಗ ಎಲ್ಲುಂಟು? 2001ರ ಸೆಪ್ಟೆಂಬರ್ 11ರಂದು ಒಂದು ಬೋಯಿಂಗ್ 757 ಹಾರಿತ್ತು, ಒಳಗೆ 64 ಜನ ಇದ್ದರು. ಕ್ಷಿಪಣಿ ಅನ್ನುವವರು ಈ ವಿಮಾನ, ಈ ಜನ ಎಲ್ಲಿ ಹೋದರು ಅಂತ ಹೇಳಬೇಕಲ್ವಾ? ಅವರು ಹೇಳುವುದಿಲ್ಲ. ಚಕ್ರದ ಭಾಗ, ಎಂಜಿನ್ನಿನ ತುಂಡು, ಬ್ಲಾಕ್ ಬಾಕ್ಸ್ ಎಲ್ಲ ಕಟ್ಟಡದ ಒಳಗೆ ಸಿಕ್ಕಿದವು. ದಾರಿಯಲ್ಲಿ ಐದು ದೀಪದ ಕಂಬ ಉರುಳಿದ್ದವು. ಅಳಿಯನ ಫೋಟೋ ಹೊರಗಿನದ್ದು. ವಿಮಾನ ಹೋದದ್ದು ಒಳಗೆ.

"ಅಷ್ಟು ದೊಡ್ಡದು ಪುಡಿ ಆಗ್ತದಾ ಮಾವ?"

ಆಗ್ತದೆ ಮಾರಾಯ. ವೇಗ ಎರಡು ಪಟ್ಟಾದರೆ ಗುದ್ದಿನ ಶಕ್ತಿ ನಾಲ್ಕು ಪಟ್ಟು. 40ರಲ್ಲಿ ಡಿವೈಡರಿಗೆ ತಾಗಿದ ಕಾರನ್ನು ಗ್ಯಾರೇಜಿಗೆ ಎಳೆಸುತ್ತೇವೆ. 120ರಲ್ಲಿ ತಾಗಿದ್ದಾದರೆ ಚಾಸಿಸ್ ನಂಬರ್ ಹುಡುಕಲು ನಾನು ಮೊಣಕಾಲೂರಿ ಕೂರಬೇಕು. ಪೆಂಟಗನ್‌ಗೆ ಬಂದ ವಿಮಾನದ ವೇಗ ಗಂಟೆಗೆ ಸುಮಾರು 850 ಕಿಲೋಮೀಟರ್. ಅವನದೇ ಫೋನಿನಲ್ಲಿ ಒಂದು ಹಳೇ ವಿಡಿಯೊ ತೆಗೆಸಿದೆ. 1988ರಲ್ಲಿ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು ಒಂದು ಎಫ್-4 ಯುದ್ಧವಿಮಾನವನ್ನು ರಾಕೆಟ್ ಕಟ್ಟಿ ದಪ್ಪ ಕಾಂಕ್ರೀಟ್ ಗೋಡೆಗೆ ಹೊಡೆಸಿದ್ದರು. ಇಡೀ ವಿಮಾನ ಹಿಟ್ಟು. ಗೋಡೆಯ ಅಂಚು ಮೀರಿ ಹೊರಗೆ ಉಳಿದ ರೆಕ್ಕೆಯ ತುದಿಗಳು ಮಾತ್ರ ಆಚೆ ಹಾರಿ ಹೋಗುತ್ತವೆ. ಅಳಿಯ ಅದನ್ನು ಮೂರು ಸಲ ನೋಡಿದ.

ಆಮೇಲೆ ಒಂದು ಒಳ್ಳೆಯ ಪ್ರಶ್ನೆ ಕೇಳಿದ. "ಹಾಗಾದ್ರೆ ಅಹಮದಾಬಾದಿನಲ್ಲಿ ಬಾಲ ಹೇಗೆ ಉಳಿಯಿತು?"

2025ರ ಜೂನ್ 12ರ ಆ ಚಿತ್ರ ಎಲ್ಲರಿಗೂ ನೆನಪುಂಟು. ಹಾಸ್ಟೆಲಿನ ಊಟದ ಕಟ್ಟಡಕ್ಕೆ ಸಿಕ್ಕಿಕೊಂಡ ಬಾಲ. ಆ ವಿಮಾನ ಆಗಷ್ಟೇ ನೆಲ ಬಿಟ್ಟಿತ್ತು. ಅದು ಮುಟ್ಟಿದ ಅತಿ ಹೆಚ್ಚಿನ ವೇಗವೇ 180 ನಾಟ್, ಎಂದರೆ ಗಂಟೆಗೆ ಸುಮಾರು 330 ಕಿಲೋಮೀಟರ್. ಕಿಲೋ ಭಾರಕ್ಕೆ ಲೆಕ್ಕ ಹಾಕಿದರೆ ಪೆಂಟಗನ್ನಿನ ಗುದ್ದು ಇದರ ಆರು ಪಟ್ಟಿಗೂ ಜಾಸ್ತಿ. ಸಾಮಾನ್ಯವಾಗಿ ಪೆಟ್ಟು ತಿನ್ನುವುದು ಮೊದಲು ಮೂತಿ. ಇಂಧನ ಇರುವುದು ಹೆಚ್ಚಾಗಿ ರೆಕ್ಕೆಯಲ್ಲಿ. ಬಾಲ ಎರಡರಿಂದಲೂ ದೂರ. ಬ್ಲಾಕ್ ಬಾಕ್ಸನ್ನು ಹೆಚ್ಚಾಗಿ ಅಲ್ಲಿ ಇಡುವುದು ಸುಮ್ನೆ ಅಲ್ಲ. (ಅದು ಬ್ಲಾಕೂ ಅಲ್ಲ, ಕಿತ್ತಳೆ ಬಣ್ಣದ್ದು.)

ಇಷ್ಟಕ್ಕೆಲ್ಲ ಅಮೆರಿಕಕ್ಕೆ ಯಾಕೆ ಹೋಗಬೇಕು? ಮಂಗಳೂರು ಏರ್‌ಪೋರ್ಟಿನ ಹತ್ತಿರದ ನಮ್ಮ ಕೆಂಜಾರು ಉಂಟಲ್ಲ. 2010ರ ಮೇ 22, ಶನಿವಾರ ಬೆಳಗ್ಗೆ. ದುಬೈಯಿಂದ ಬಂದ 737-800 ರನ್‌ವೇ ದಾಟಿ, ಕೊನೆಯಲ್ಲಿದ್ದ ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ರೆಕ್ಕೆ ಬಡಿದು, ಗುಡ್ಡದ ಕೆಳಗೆ ಬಿದ್ದು ಹೊತ್ತಿಕೊಂಡಿತು. 166 ಜನರಲ್ಲಿ ಬದುಕಿದ್ದು 8. ಹತ್ತು ವರ್ಷದ ನಂತರ, 2020ರ ಆಗಸ್ಟ್ 7ರಂದು ಕೋಯಿಕ್ಕೋಡಿನಲ್ಲಿ ಅದೇ ಜಾತಿಯ ವಿಮಾನ, ಗುಡ್ಡದ ತಲೆಯ ಮೇಲಿನ ಅದೇ ತರಹದ ಟೇಬಲ್‌ಟಾಪ್ ರನ್‌ವೇ, ಅದೇ ರೀತಿ ದಾಟಿ ಬಿತ್ತು. ಅದು ತುಂಡಾಯಿತು, ಉರಿಯಲಿಲ್ಲ. 190 ಜನರಲ್ಲಿ ತೀರಿಕೊಂಡದ್ದು 21. ಫೋಟೋ ನೋಡಿದರೆ ಇದು ವಿಮಾನ ಅಂತ ಮಗು ಕೂಡ ಹೇಳುತ್ತದೆ. ಕೆಂಜಾರಿನಲ್ಲಿ ಎಷ್ಟೋ ಭಾಗ ಬರೀ ಕರಕಲು. ವ್ಯತ್ಯಾಸ ಮಾಡಿದ್ದು ಬೆಂಕಿ. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಸಾಕು.

ಇಲ್ಲಿ ಅಳಿಯ ತನ್ನ ಬ್ರಹ್ಮಾಸ್ತ್ರ ತೆಗೆದ. "ಪೆಂಟಗನ್ ದಿನವೇ ನ್ಯೂಯಾರ್ಕಿನ ಅವಳಿ ಗೋಪುರಕ್ಕೆ ಗುದ್ದಿದ ವಿಮಾನವೇ ಉರಿದು ಹೋಯಿತು, ಆದರೆ ಅಲ್ಲಿನ ಬೀದಿಯಲ್ಲಿ ಅಪಹರಣಕಾರನ ಪಾಸ್‌ಪೋರ್ಟ್ ಸಿಕ್ಕಿತಂತೆ! ನಂಬ್ತೀರಾ?"

ನಂಬುತ್ತೇನೆ. ಶಿರಾಡಿ ಘಾಟಿಯಲ್ಲಿ ಒಮ್ಮೆ ಸುಟ್ಟ ಕಾರು ನೋಡಲು ಹೋಗಿದ್ದೆ. ಅಲಾಯ್ ಚಕ್ರ ಕರಗಿ ರಸ್ತೆಯ ಮೇಲೆ ಬೆಳ್ಳಿಯ ಹಾಗೆ ಹರಿದು ಗಟ್ಟಿಯಾಗಿತ್ತು. ಉಕ್ಕಿನ ಅಸ್ಥಿಪಂಜರ ಮಾತ್ರ ನಿಂತಿತ್ತು. ಅದೇ ಕಾರಿನ ಆರ್‌ಸಿ ಪುಸ್ತಕ ಹತ್ತು ಮಾರು ದೂರದ ಪೊದೆಯಲ್ಲಿ, ಒಂದು ಮೂಲೆಯೂ ಕಂದದೆ ಬಿದ್ದಿತ್ತು. ಗುದ್ದಿದಾಗ ಗಾಜು ಒಡೆದು ಹೊರಗೆ ಹಾರಿದೆ, ಬೆಂಕಿ ಹತ್ತಿದ್ದು ಆಮೇಲೆ. ಹಗುರ ಇದ್ದದ್ದು ಬೇಗ ತಪ್ಪಿಸಿಕೊಳ್ಳುತ್ತದೆ. ಆ ಕ್ಲೈಮ್ ಪಾಸ್ ಮಾಡಲು ನನಗೆ ಅದೇ ಪುಸ್ತಕ ನೆರವಾಯಿತು.

"ಕೆಂಜಾರಿಗೆ ನೀವು ಹೋಗಿದ್ರಾ?"

ಹತ್ತಿರ ಹೋಗಿದ್ದೆ ಅಂತ ಜಂಬ ಕೊಚ್ಚಲಾರೆ. ಸ್ಕೂಟರಿನಲ್ಲಿ ಹೋದೆ, ಪೊಲೀಸರು ತಡೆದರು, ಹೊಗೆ ನೋಡಿ ಬಂದೆ. ಹನ್ನೆರಡು ಜನರ ಗುರುತು ಕೊನೆಗೂ ಸಿಗಲಿಲ್ಲ. ಅವರನ್ನು ಫಲ್ಗುಣಿ ನದಿಯ ದಡದಲ್ಲಿ, ಕೂಳೂರು ತಣ್ಣೀರುಬಾವಿಯ ಕಡೆ ಒಟ್ಟಿಗೆ ಮಣ್ಣು ಮಾಡಿದರು. ಇದನ್ನು ಹೇಳುವಾಗ ಅಕ್ಕ ಒಳಗಿನಿಂದ ಬಂದು ಬಜೆಯ ತಟ್ಟೆ ಎತ್ತಿಕೊಂಡು ಹೋದಳು. ಬಿಸಿ ಮಾಡಲು ಅಂದುಕೊಂಡೆ. ವಾಪಸ್ ತರಲೇ ಇಲ್ಲ.

ಗುರುವಾರ ಅವನನ್ನು ಏರ್‌ಪೋರ್ಟಿಗೆ ಬಿಟ್ಟು ಬಂದೆ. ಮರವೂರು ಸೇತುವೆ ದಾಟಿದ ಮೇಲೆ ಕಿಟಕಿ ಇಳಿಸಿ ಗುಡ್ಡದ ಕಡೆ ನೋಡುತ್ತಾ ಕೂತ. ಎಲ್ಲ ಕಡೆ ಹಸಿರು.

"ಎಲ್ಲಿ ಮಾವ ಬಿದ್ದದ್ದು? ಏನೂ ಕಾಣುವುದಿಲ್ಲವಲ್ಲ."

ನಾನು ಗೇರ್ ಇಳಿಸಿದೆ. ಪಾಸ್‌ಪೋರ್ಟ್ ಜೇಬಲ್ಲಿ ಉಂಟಾ ನೋಡು ಅಂದೆ.